ವರ್ನಾ ಯಾವ ಲೆಕ್ಕಕ್ಕೆ

"ಹೋದ ನಾಲ್ಕು ವಾರದಲ್ಲಿ ಎಲ್ಲಾದ್ರೂ ಕೆಲಸ ಕೇಳಿದ್ರಾ ಅಮ್ಮಾ?" ಅಮೆರಿಕದ ಮೇನ್ ರಾಜ್ಯದಲ್ಲಿ ತಿಂಗಳ ಉದ್ಯೋಗ ಸಮೀಕ್ಷೆಗೆ ಮನೆಗೆ ಬಂದಿದ್ದ ಕರ್ಟಿಸ್ ಕೇಳಿದ.

"ಇಲ್ಲಪ್ಪ. ಕಾಗದದ ಮಿಲ್ಲು ಮುಚ್ಚಿದ ಮೇಲೆ ಈ ವಯಸ್ಸಿನವಳನ್ನ ಯಾರು ಕರೀತಾರೆ?"

"ಹಾಗಾದ್ರೆ ನಿಮ್ಮನ್ನ ನಿರುದ್ಯೋಗಿ ಅಂತ ಬರೆಯೋ ಹಾಗಿಲ್ಲ. ಹುಡುಕಿದವರು ಮಾತ್ರ ಆ ಲೆಕ್ಕಕ್ಕೆ."

ಇಪ್ಪತ್ತಾರು ವರ್ಷ ಯಂತ್ರ ನಡೆಸಿದ್ದ ವರ್ನಾಗೆ ಕೆಲಸ ಹೋದ ದಿನವೂ ಹೀಗೆ ಉರಿದಿರಲಿಲ್ಲ. "ಕೆಲಸಾನೂ ಇಲ್ಲ, ನಿರುದ್ಯೋಗಿಯೂ ಅಲ್ಲ! ಮತ್ತೆ ನಾನೇನು, ಈ ಮನೆ ಬೆಕ್ಕಾ?" ಎಂದವಳೇ ಫೋನು ಎತ್ತಿ ಊರಾಚೆಯ ಮರದ ಕಾರ್ಖಾನೆಗೆ ಕರೆ ಮಾಡಿ ಕೆಲಸ ಕೇಳಿದಳು. ಸೋಮವಾರ ಬಂದು ಯಂತ್ರ ನಡೆಸಿ ತೋರಿಸಬೇಕಂತೆ.

ಕರ್ಟಿಸ್ ನಕ್ಕ. "ಮುಂದಿನ ತಿಂಗಳು ನಿರುದ್ಯೋಗಿ ಅಂತ ಧಾರಾಳವಾಗಿ ಬರೆಯಬಹುದು ಅಮ್ಮಾ."

"ಮುಂದಿನ ತಿಂಗಳು ಸಂಜೆ ಬಾರಪ್ಪ," ಎಂದಳು ವರ್ನಾ. "ಹಗಲು ನಾನು ಮನೇಲಿ ಸಿಗಲ್ಲ."