ಮೂರು ಸಲ ತಪ್ಪು

ಪಾರ್ಶ್ವವಾಯು ಬಡಿದ ಮೇಲೆ ಚಿದಾನಂದನ ಮಾತು ಕೇಳುತ್ತಿದ್ದದ್ದು ಕಣ್ಣುರೆಪ್ಪೆಗಳು ಮಾತ್ರ. ಹನ್ನೊಂದನೆಯ ದಿನ ಮಧ್ಯಾಹ್ನ ಅವಸರದಲ್ಲಿ ವಾರ್ಡಿಗೆ ಬಂದ ಹೆಂಡತಿಯ ತಮ್ಮ ಮಹಾಂತೇಶ, ಜೇಬಿನಿಂದ ಪೆನ್‌ಡ್ರೈವಿನಂಥ ಪುಟ್ಟ ಸಾಧನವೊಂದನ್ನು ತೆಗೆದ. ಚಿದಾನಂದನ ಅಷ್ಟೂ ಬಿಟ್‌ಕಾಯಿನ್‌ಗೆ ಅದೇ ಬೀಗ, ಅದೇ ಕೀಲಿ.

“ಭಾವ, ಇದರ ಪಿನ್ ಬೇಕು. ಒಂದೊಂದೇ ಅಂಕಿ ಹೇಳ್ತಾ ಹೋಗ್ತೀನಿ, ಸರಿಯಾದದ್ದು ಬಂದಾಗ ರೆಪ್ಪೆ ಮುಚ್ಚಿ.”

ಯಾಕೆಂದು ಕೇಳಲು ಚಿದಾನಂದನಿಗೆ ನಾಲಿಗೆ ಹೊರಳಲಿಲ್ಲ. ಅಕ್ಕನ ಬಳೆ ಅಡವಿಟ್ಟು, ಬಿಡಿಸಿಕೊಡದೆ ತಲೆ ತಪ್ಪಿಸಿಕೊಂಡು ತಿರುಗಿದವನು ಇವನು. ಅವಳಿಗೆಂದು ಕೂಡಿಟ್ಟದ್ದನ್ನೂ ಇವನ ಕೈಗೆ ಕೊಡುವುದೆ? ಬೇಕೆಂದೇ ತಪ್ಪು ಅಂಕಿಗಳಿಗೆ ರೆಪ್ಪೆ ಮುಚ್ಚಿದ.

“ತಪ್ಪು ಅಂತಿದೆ ಭಾವ. ಇನ್ನೆರಡೇ ಸಲ.”

ಎರಡನೆಯದೂ ತಪ್ಪಾಯಿತು. ಮಹಾಂತೇಶನ ಹಣೆ ಬೆವರಿತು.

“ನೆನಪು ಮಾಡ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ. ಈ ಸಲ ತಪ್ಪಿದ್ರೆ ಎಲ್ಲಾ ಅಳಿಸಿಹೋಗುತ್ತೆ.”

ಅದು ಚಿದಾನಂದನಿಗೂ ಗೊತ್ತಿತ್ತು. ಅಳಿಸಿದ್ದನ್ನು ಮರಳಿ ತರುವ ಇಪ್ಪತ್ನಾಲ್ಕು ಪದಗಳು ಅವನಿಗೆ ಬಾಯಿಪಾಠವಾಗಿದ್ದವು, ಎಲ್ಲೂ ಬರೆದಿಟ್ಟಿರಲಿಲ್ಲ. ಮಾತು ಬಂದ ದಿನ ಹೆಂಡತಿಯ ಕಿವಿಯಲ್ಲಿ ಹೇಳಿದರಾಯಿತು ಎಂದುಕೊಂಡು, ಮೂರನೆಯ ಸಲವೂ ತಪ್ಪು ಅಂಕಿಗಳನ್ನೇ ಆರಿಸಿದ. ಪರದೆ ಖಾಲಿಯಾಯಿತು.

ಮಹಾಂತೇಶ ಮಂಚದ ಪಕ್ಕದಲ್ಲಿ ತಲೆ ಹಿಡಿದುಕೊಂಡು ಕುಳಿತುಬಿಟ್ಟ.

“ನಿಮಗೆ ಹೇಳಬೇಡಿ ಅಂದಿದ್ರು ಡಾಕ್ಟ್ರು. ಅಕ್ಕ ಬೆಳಗ್ಗೆ ಕುಸಿದು ಬಿದ್ದಳು ಭಾವ, ಕೆಳಗೆ ಐಸಿಯುನಲ್ಲಿದ್ದಾಳೆ. ಸಂಜೆಯೊಳಗೆ ದುಡ್ಡು ಕಟ್ಟಿದ್ರಷ್ಟೇ ಆಪರೇಷನ್ನಂತೆ.”