ಹಳ್ಳದ ಕಡೆಯ ಮೈ

ಜಿಂಕೆಗಳ ಹಿಂಡೊಂದು ಪಿಕಪ್ಪಿನ ಜೊತೆ ಪಂದ್ಯಕ್ಕೆ ಬಿದ್ದಿತ್ತು. ಗಂಟೆಗೆ ನಲವತ್ತೈದು ಮೈಲಿ ವೇಗದಲ್ಲಿ ಗಾಡಿ ಓಡುತ್ತಿದ್ದರೂ ಅವು ಬೂದು ಬಣ್ಣದ ಸೇಜ್ ಪೊದೆಗಳ ನಡುವೆ ಒಂದಿಷ್ಟೂ ಹಿಂದೆ ಬೀಳುತ್ತಿರಲಿಲ್ಲ. ಮಿರೆನ್ ಬಾಯಿ ಬಿಟ್ಟುಕೊಂಡು ನೋಡುತ್ತ ವೇಗ ತಗ್ಗಿಸಿದಳು.

"ಅಪ್ಪಾ, ಆ ಕಡೆ ನೋಡು! ಏನು ಓಟ ಮಾರಾಯ!"

"ಅವೇ ನಿನಗಿಂತ ಚೆನ್ನಾಗಿ ಓಡ್ತಿವೆ. ನಡಿ, ನಡಿ, ಬಿಸಿಲೇರೋದ್ರೊಳಗೆ ಮರ ಮುಟ್ಬೇಕು," ಎಂದ ಬೆನ್ಯಾತ್. ಪ್ರತಿ ಸೆಪ್ಟೆಂಬರಿನಲ್ಲೂ ತಾನೇ ಗಾಡಿ ಓಡಿಸಿಕೊಂಡು ಬರುತ್ತಿದ್ದ ಮುದುಕ. ಎಂಬತ್ತೆರಡಕ್ಕೆ ಲೈಸೆನ್ಸ್ ಕಿತ್ತುಕೊಂಡಿದ್ದರಿಂದ ಈ ಸಲ ಮಗಳ ಪಕ್ಕದಲ್ಲಿ ಚಡಪಡಿಸುತ್ತ ಕೂತಿದ್ದ. ಕಾಡುಕುದುರೆಗಳು ಎದುರಾದವು, ನೂರೈವತ್ತು ವರ್ಷದ ಹಿಂದೆ ವಲಸೆ ಬಂದವರ ಎತ್ತಿನ ಗಾಡಿಯ ಜಾಡೂ ಹಿಂದೆ ಸರಿಯಿತು. ಅವನು ಯಾವುದಕ್ಕೂ ತಲೆ ಎತ್ತಲಿಲ್ಲ.

ಅವನ ಮರ ಇದ್ದದ್ದು ಸ್ಟೀನ್ಸ್ ಬೆಟ್ಟದ ಮೇಲೆ, ಹಳ್ಳದ ದಂಡೆಯಲ್ಲಿ. ಬಿಳಿ ತೊಗಟೆಯ ಆಸ್ಪೆನ್. ಅದರ ಮೈಮೇಲೆ 'ಫೆರ್ಮಿನ್, 1941' ಎಂದು ಚಾಕುವಿನಿಂದ ಗೀರಿದ ಅವನ ಅಪ್ಪನ ಕೈಬರಹ. ಸಮುದ್ರದಾಚೆಯ ಬಾಸ್ಕ್ ನಾಡಿನಿಂದ ಕುರಿ ಕಾಯಲು ಬಂದಿದ್ದ ಫೆರ್ಮಿನ್, ಆ ವರ್ಷ ಅಕ್ಟೋಬರಿನ ಹಿಮಗಾಳಿಗೆ ಸಿಕ್ಕಿ ಬೆಟ್ಟದ ಮೇಲೇ ತೀರಿಕೊಂಡ. ಬೆನ್ಯಾತ್ ಹುಟ್ಟಿದ್ದು ಎರಡೇ ತಿಂಗಳ ಮೊದಲು, ಕೆಳಗೆ ಊರಿನಲ್ಲಿ. ಕುರುಬರಿಗೆ ಹೇಸರಗತ್ತೆಯ ಮೇಲೆ ಹಿಟ್ಟು, ಕಾಫಿ ಹೊತ್ತೊಯ್ಯುವವನ ಬಳಿ ತಾಯಿ ಸುದ್ದಿ ಹೇಳಿ ಕಳಿಸಿದ್ದಳು. ಅದು ಮುಟ್ಟಿತೋ ಇಲ್ಲವೋ, ಹೇಳುವವರು ಯಾರೂ ಉಳಿಯಲಿಲ್ಲ. ನಾನು ಹುಟ್ಟಿದ್ದು ನನ್ನಪ್ಪನಿಗೆ ಗೊತ್ತಿತ್ತೇ? ವರ್ಷಕ್ಕೊಮ್ಮೆ ಆ ಹೆಸರಿನ ಮೇಲೆ ಬೆರಳಾಡಿಸಿ ಮುದುಕ ಕೇಳುತ್ತಿದ್ದದ್ದು ಇದೊಂದೇ.

ಹಳ್ಳ ತಲುಪಿದಾಗ ಮರ ಇರಲಿಲ್ಲ. ಪೆನ್ಸಿಲ್ ಕೆತ್ತಿದಂತೆ ಚೂಪಾದ ಮೋಟು ಮಾತ್ರ ಇತ್ತು. ಅದರಾಚೆ, ಹೋದ ವರ್ಷ ತೊರೆಯೊಂದು ಸಣ್ಣಗೆ ಹರಿಯುತ್ತಿದ್ದ ಜಾಗದಲ್ಲಿ, ಕೊಳವೊಂದು ತುಂಬಿ ನಿಂತಿತ್ತು. ಈ ಒಣ ಸೀಮೆಯಲ್ಲಿ ಅಷ್ಟು ನೀರು! ಎರಡು ಕೊಕ್ಕರೆಗಳು ಅದರಲ್ಲಿ ನಿಧಾನಕ್ಕೆ ಕಾಲಾಡಿಸುತ್ತಿದ್ದವು. ಮಿರೆನ್‌ಗೆ ಒಂದು ಕ್ಷಣ ಬಂದ ಕೆಲಸವೇ ಮರೆತುಹೋಯಿತು.

"ಬೀವರ್!" ಮುದುಕ ಕೂಗಿದ. "ಹಲ್ಲಲ್ಲೇ ಮರ ಕಡಿಯೋ ಹಾಳು ಹೆಗ್ಗಣಗಳಾ! ಇಡೀ ಬೆಟ್ಟದಲ್ಲಿ ನನ್ನಪ್ಪನ ಮರವೇ ಬೇಕಿತ್ತಾ ನಿಮ್ಮ ಅಣೆಕಟ್ಟಿಗೆ? ಎಲ್ಲೇ ನನ್ನ ಬಂದೂಕು?"

"ಮನೇಲಿದೆ. ಇಲ್ಲಿದ್ರೂ ನಿನ್ನ ಕೈಗೆ ಕೊಡ್ತಿರಲಿಲ್ಲ."

ಅವನು ಮೋಟಿನ ಪಕ್ಕದಲ್ಲೇ ಕುಸಿದು ಕೂತ. "ಇನ್ನು ಎಲ್ಲಿಗೆ ಹೋಗ್ಲಿ ಹೇಳು. ಅವನಿಗೆ ಗೋರಿ ಇಲ್ಲ, ಒಂದು ಫೋಟೋ ಇಲ್ಲ." ಅಪ್ಪ ಅಳುವುದನ್ನು ಮಿರೆನ್ ಅದೇ ಮೊದಲ ಸಲ ಕಂಡಳು. ಏನು ಮಾಡಲೂ ತೋಚದೆ, ಹೆಸರಿನ ಚೂರಾದರೂ ಸಿಕ್ಕೀತೆಂದು ಪ್ಯಾಂಟು ಮಡಚಿ ನೀರಿಗಿಳಿದಳು.

ಮರ ಹಳ್ಳಕ್ಕೆ ಅಡ್ಡವಾಗಿ ಬಿದ್ದು ಹೊರಳಿತ್ತು. ಫೆರ್ಮಿನ್‌ನ ಹೆಸರಿದ್ದ ಮಗ್ಗುಲು ಕೆಸರಿನಲ್ಲಿ ಹೂತುಹೋಗಿತ್ತು. ಬೀವರುಗಳು ಮೇಲುಗಡೆಯ ಹಸಿ ತೊಗಟೆಯನ್ನೆಲ್ಲ ಮೇಯ್ದು ಮುಗಿಸಿದ್ದವು. ಆದರೆ ಒಂದು ಕಡೆ, ಹಳೆಯ ಗಾಯ ಮಾಗಿ ಗಟ್ಟಿಯಾಗಿದ್ದ ಕಪ್ಪು ತೊಗಟೆ ಅವಕ್ಕೆ ರುಚಿಸಿರಲಿಲ್ಲ. ಬಿಟ್ಟುಬಿಟ್ಟಿದ್ದವು.

"ಅಪ್ಪಾ... ಬಾ ಇಲ್ಲಿ."

"ಏನು ಸಿಕ್ತು?"

"ನೀನೇ ಬಂದು ಓದು. ಬಾ ಅಂದ್ರೆ!"

ಮೊಣಕಾಲುದ್ದ ನೀರಿನಲ್ಲಿ, ಮಗಳ ಭುಜ ಹಿಡಿದು ಮುದುಕ ಬಂದ. ಇದು ಮರ ನಿಂತಿದ್ದಾಗ ಹಳ್ಳದ ಕಡೆಗೆ ಮುಖ ಮಾಡಿದ್ದ ಮೈ. ಕಡಿದಾದ ದಂಡೆ, ಒತ್ತಾದ ಪೊದೆ. ಆ ಮಗ್ಗುಲಿಗೆ ಯಾರೂ ಸುತ್ತಿ ಬಂದದ್ದಿಲ್ಲ. ಅವನೂ ಅಷ್ಟೇ, ಇಷ್ಟು ವರ್ಷ ದಾರಿಯ ಕಡೆಯ ಹೆಸರೊಂದನ್ನೇ ಮುಟ್ಟಿ ಮರಳಿದ್ದ. ಬಿಳಿ ಮರದ ಮೇಲೆ ಕಪ್ಪಗೆ, ಅಪ್ಪನದೇ ಸೊಟ್ಟ ಅಕ್ಷರಗಳಲ್ಲಿ, ಬಾಸ್ಕ್ ಮಾತಿನಲ್ಲಿ ಬರೆದಿತ್ತು: 'ಬೆನ್ಯಾತ್. ನನ್ನ ಮಗ. ಆಗಸ್ಟ್ 1941.'

ಕೊಕ್ಕರೆಗಳು ಕೂಗುತ್ತ ಮೇಲೆದ್ದು ಹೋದವು.

"ಗೊತ್ತಿತ್ತು ಕಣೆ ಅವನಿಗೆ," ಎಂದ ಮುದುಕ ಕೊನೆಗೆ. "ಗೊತ್ತಿತ್ತು."

"ಹೆಬ್ಬೆರಳು ದಪ್ಪಕ್ಕೆ ಕೊರೆದಿದ್ದಾನಲ್ಲಪ್ಪ ತಾತ! ಎಷ್ಟು ಖುಷಿಯಾಗಿತ್ತೋ ಏನೋ!" ಎಂದಳು ಮಿರೆನ್ ಕಣ್ಣೊರೆಸಿಕೊಳ್ಳುತ್ತ.

"ಅಯ್ಯೋ ಪೆದ್ದಿ, ಕುರಿ ಕಾಯೋರು ಹಾಗೆ ಕೊರೆಯಲ್ಲ. ಆಳಕ್ಕೆ ಕೊರೆದ್ರೆ ಮರ ಸಾಯುತ್ತೆ. ಚಾಕು ತುದೀಲಿ ಕೂದಲೆಳೆಯಷ್ಟು ಗೀರಿರ್ತಾನೆ. ಬರೆದವನ ಕಣ್ಣಿಗೇ ಅದು ಸರಿಯಾಗಿ ಕಂಡಿರಲ್ಲ." ಮುದುಕ ಮೊದಲ ಅಕ್ಷರದ ಮೇಲೆ ತನ್ನ ಸುಕ್ಕುಗಟ್ಟಿದ ಅಂಗೈ ಊರಿದ. "ಆಮೇಲಿಂದ ಇದೂ ನನ್ನ ಜೊತೆಜೊತೆಗೇ ಬೆಳೆದಿದೆ."