ಹೊರಡುವ ಮುಂಚಿನ ಮಾತ್ರೆ

"ಏಪ್ರಿಲ್‌ನಲ್ಲಿ ಉಗಾಂಡಾಕ್ಕೆ ಯಾರು ಹೋಗ್ತಾರೆ ಸಾರ್? ಮಳೆ ಹೊಡೆದು ಕಾಡಿನ ರಸ್ತೆಯೆಲ್ಲ ಕೆಸರಾಗಿರುತ್ತೆ. ಜ್ವರ ಬಂದರೆ ಆಸ್ಪತ್ರೆ ಮುಟ್ಟೋದೇ ಕಷ್ಟ. ಜೂನ್‌ನಲ್ಲಿ ಹೋಗಿ," ಎಂದ ಟ್ರಾವೆಲ್ಸ್‌ನವನು.

"ಏಪ್ರಿಲ್‌ಗೇ ಮಾಡಿ," ಎಂದು ನಾಗಭೂಷಣ ಪಟ್ಟು ಹಿಡಿದ. ಅವನಿಗೆ ಬೇಕಾಗಿದ್ದುದೇ ಅಂಥ ರಸ್ತೆ. ಅಲ್ಲಿ ಹೆಂಡತಿ ಸತ್ತರೆ ಜನ ಜ್ವರವನ್ನು ದೂರುತ್ತಾರೆ, ಗಂಡನನ್ನಲ್ಲ.

ಅವತ್ತೇ ಒಂದು ಡಬ್ಬಿ ತಂದು ಹೆಂಡತಿಯ ಕೈಗಿಟ್ಟ. "ಮಲೇರಿಯಾ ಮಾತ್ರೆ. ಇದು ಹೊರಡೋ ಮುಂಚಿನದು, ದಿನಾ ಒಂದು ನುಂಗಿ ಮುಗಿಸಬೇಕಂತೆ. ಒಬ್ಬರಿಗಾಗೋವಷ್ಟೇ ಸಿಕ್ಕಿತು, ನೀನೇ ತಗೋ."

ಅದರಲ್ಲಿದ್ದುದು ನಿಧಾನವಾಗಿ ಕೊಲ್ಲುವ ವಿಷವೆಂದು ಅವನೊಬ್ಬನಿಗೇ ಗೊತ್ತಿತ್ತು.

ಅವಳ ಕಣ್ಣು ತುಂಬಿಬಂತು. ಮಾವಿನಹಣ್ಣು ಕೊಯ್ದರೆ ಹೋಳೆಲ್ಲ ಗಂಡನ ತಟ್ಟೆಗೆ ಹಾಕಿ, ತಾನು ಗೊರಟೆ ಚೀಪುವವಳು ಅವಳು.

ಹೊರಡುವ ಹಿಂದಿನ ಸಂಜೆ ಅವಳು ಸೊಳ್ಳೆಪರದೆ, ತುಂಬುತೋಳಿನ ಅಂಗಿ, ರೇನ್‌ಕೋಟು, ಚಟ್ನಿಪುಡಿ ಎಲ್ಲವನ್ನೂ ಸೂಟ್‌ಕೇಸಿಗೆ ತುಂಬುತ್ತಾ ಹಾಡು ಗುನುಗುತ್ತಿದ್ದಳು. ಇವಳಿನ್ನೂ ಇಷ್ಟು ಗಟ್ಟಿಯಾಗಿದ್ದಾಳಲ್ಲ ಎಂದು ನಾಗಭೂಷಣ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲಿಂದ ನೋಡುತ್ತಿದ್ದ. ಈಚೆಗೆ ಅವನಿಗೇ ಊಟ ಸೇರುತ್ತಿರಲಿಲ್ಲ, ಕೈಕಾಲು ಜೋಮು ಹಿಡಿಯುತ್ತಿದ್ದವು.

"ಮಾತ್ರೆ ಸರಿಯಾಗಿ ತಗೋತಿದ್ದೀಯ ತಾನೆ?"

ಅವಳು ಖಾಲಿ ಡಬ್ಬಿ ತೋರಿಸಿ ನಾಚಿಕೆಯಿಂದ ನಕ್ಕಳು.

"ಬೈಬೇಡಿ ರೀ. ಸೊಳ್ಳೆ ಮೊದಲು ಕಚ್ಚೋದು ನಿಮ್ಮನ್ನೇ ಅಲ್ವಾ? ಒಂದನ್ನೂ ಬಿಡದೆ ದಿನಾ ನಿಮ್ಮ ಸಾರಿಗೇ ಅರೆದು ಹಾಕಿದೀನಿ."